ಸೇನೆಗೆ ಬಿಡಿಭಾಗ ಮಾಡಿಕೊಡುವುದು ಹೇಗೆ? ಸಣ್ಣ ಶಾಪಿನವರಿಗೆ ಡಿಜಿಟಲ್ ರಕ್ಷಣಾ ಖರೀದಿಯ ಸಮಗ್ರ ಮಾರ್ಗದರ್ಶಿ

ಅಪ್ಪ ಟೆಂಡರ್ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಆಗಾಗ ಅರಗಿನ ವಾಸನೆ ಬರುತ್ತಿತ್ತು. ಮೇಣದಬತ್ತಿಯ ಉರಿಗೆ ಕೆಂಪು ಅರಗು ಹಿಡಿದು, ಲಕೋಟೆಯ ಮೇಲೆ ಹನಿಸಿ, ಬಿಸಿ ಆರುವ ಮೊದಲೇ ಹಿತ್ತಾಳೆ ಮುದ್ರೆ ಒತ್ತುತ್ತಿದ್ದರು. ಆಮೇಲೆ ಅದನ್ನು ಚೀಲದಲ್ಲಿ ಇಟ್ಟುಕೊಂಡು ಎರಡು ರಾತ್ರಿ ರೈಲಿನಲ್ಲಿ ಹೋಗಿ, ಟೆಂಡರ್ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಆರ್ಡರ್ ಯಾರಿಗೆ ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು ಅನ್ನುವುದು ತಿಂಗಳುಗಟ್ಟಲೆ ಗೊತ್ತಾಗುತ್ತಿರಲಿಲ್ಲ.

ಈಗ ಅದೇ ಶಾಪಿನಲ್ಲಿ, ಪೀಣ್ಯ ಎರಡನೇ ಹಂತದಲ್ಲಿ, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮೆಷಿನ್ ಪಕ್ಕದ ಗಾಜಿನ ಕ್ಯಾಬಿನ್‌ನಲ್ಲಿ ಕೂತು ನಾನು ಬಿಡ್ ಹಾಕುತ್ತೇನೆ. ಬಿಡ್ ತೆರೆಯುವುದನ್ನೂ ಅದೇ ಪರದೆಯಲ್ಲಿ ನೋಡುತ್ತೇನೆ. ರಕ್ಷಣಾ ಖರೀದಿಗೆ ಡಿಜಿಟಲ್ ವ್ಯವಸ್ಥೆ ಬಂದಮೇಲೆ ಸಣ್ಣವರಿಗೆ ಬಾಗಿಲು ತೆರೆದಿದೆ. ಪೋರ್ಟಲ್ ನಿಮ್ಮ ಮುಖ ನೋಡುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಹಾಗೆಯೇ ಒಂದು ಫೈಲ್ ತಪ್ಪಾದರೆ, ಒಂದು ನಿಮಿಷ ತಡವಾದರೆ, ಅದು ಬಿಟ್ಟುಕೊಡುವುದೂ ಇಲ್ಲ. ಕೈಯಲ್ಲಿ ಒಳ್ಳೆ ಕೆಲಸ ಇದ್ದೂ ಎಷ್ಟೋ ಶಾಪಿನವರು ಈ ಎರಡನೇ ಕಾರಣಕ್ಕೇ ಹೊರಗೆ ಉಳಿದಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಯಾರು ಕೊಳ್ಳುತ್ತಾರೆ ಅನ್ನುವುದನ್ನು ಮೊದಲು ತಿಳಿಯಿರಿ

ಸೇನೆಯ ಖರೀದಿಯಲ್ಲಿ ಎರಡು ದಾರಿಗಳಿವೆ. ಹೊಸ ಫಿರಂಗಿ, ವಿಮಾನ, ರಡಾರ್ ಇಂಥವು ಬಂಡವಾಳ ಖರೀದಿ. ಅದಕ್ಕೆ ಡಿಎಪಿ, ಅಂದರೆ ರಕ್ಷಣಾ ಸ್ವಾಧೀನ ವಿಧಾನ, ಎಂಬ ನಿಯಮಾವಳಿ ಇದೆ. ಸೇನೆಗೆ ಏನು ಬೇಕು ಅಂತ ಗುಣಮಟ್ಟದ ಪಟ್ಟಿ ಮಾಡುವುದು, ಅಗತ್ಯಕ್ಕೆ ಒಪ್ಪಿಗೆ ಪಡೆಯುವುದು, ಪ್ರಸ್ತಾವ ಕರೆಯುವುದು, ತಾಂತ್ರಿಕ ಪರಿಶೀಲನೆ, ಮರುಭೂಮಿಯಲ್ಲೋ ಹಿಮದಲ್ಲೋ ಪ್ರಯೋಗ, ದರದ ಮಾತುಕತೆ, ಕೊನೆಗೆ ಒಪ್ಪಂದ. ಇಷ್ಟಕ್ಕೆ ವರ್ಷಗಳೇ ಹಿಡಿಯುತ್ತವೆ. ಯಲಹಂಕದ ಏರೋ ಇಂಡಿಯಾದಲ್ಲಿ 2021ರ ಫೆಬ್ರವರಿ 3ರಂದು 83 ತೇಜಸ್ ವಿಮಾನಗಳ ಒಪ್ಪಂದ ಎಚ್‌ಎಎಲ್ ಜೊತೆ ಆಯಿತಲ್ಲ, ಅದು ಈ ದಾರಿಯದ್ದು.

ಎರಡನೆಯದು ದಿನನಿತ್ಯದ ಖರೀದಿ. ಬಿಡಿಭಾಗ, ಮದ್ದುಗುಂಡು, ರಿಪೇರಿ. ಇದು ರಕ್ಷಣಾ ಖರೀದಿ ಕೈಪಿಡಿಯ ಪ್ರಕಾರ ನಡೆಯುತ್ತದೆ. 2009ರ ಹಳೆಯ ಕೈಪಿಡಿಯ ಜಾಗಕ್ಕೆ 2025ರ ನವೆಂಬರ್ 1ರಿಂದ ಹೊಸದು ಬಂದಿದೆ.

ನಮ್ಮಂಥವರು ಇಡೀ ಫಿರಂಗಿ ಮಾರುವುದಿಲ್ಲ. ಅದರೊಳಗಿನ ಒಂದು ಪಿನ್, ಒಂದು ಬುಷ್, ಒಂದು ಬ್ರಾಕೆಟ್ ಮಾಡುತ್ತೇವೆ. ಹಾಗಾಗಿ ನಮ್ಮ ಗಿರಾಕಿಗಳು ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸರ್ಕಾರಿ ಕಂಪನಿಗಳು. ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳ ಆರ್ಡ್‌ನನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಂದು ಒಡೆದು 7 ಕಂಪನಿಗಳಾದವು, ಅವೂ ಸೇರಿದಂತೆ. ಜೊತೆಗೆ ಸೇನೆಯ ದೊಡ್ಡ ರಿಪೇರಿ ಕೇಂದ್ರಗಳಾದ ಬೇಸ್ ವರ್ಕ್‌ಶಾಪ್‌ಗಳಿವೆ. ಹಲಸೂರಿನಲ್ಲಿರುವ 515 ಆರ್ಮಿ ಬೇಸ್ ವರ್ಕ್‌ಶಾಪ್ ಅಂಥದ್ದೇ. ದೊಡ್ಡ ಖಾಸಗಿ ಕಂಪನಿಗಳಿಗೆ ಕೆಳಗಿನ ಸಪ್ಲೈಯರ್ ಆಗುವ ದಾರಿಯೂ ಇದೆ, ಆದರೆ ಅಲ್ಲಿ ಆಯಾ ಕಂಪನಿಯ ನಿಯಮ ನಡೆಯುತ್ತದೆ.

ಹಂತ 2: ಎಲ್ಲ ಕಾಗದದಲ್ಲೂ ಹೆಸರು ಒಂದೇ ಇರಲಿ

ಉದ್ಯಮ್ ನೋಂದಣಿ ಮೊದಲು ಮಾಡಿಸಿ. 2020ರ ಜುಲೈ 1ರಿಂದ ಇದು ಶುರುವಾಗಿದೆ, ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. 2025ರ ಏಪ್ರಿಲ್‌ನಿಂದ ಮಿತಿ ಏರಿದೆ. ಈಗ ವರ್ಷಕ್ಕೆ 10 ಕೋಟಿವರೆಗೆ ವಹಿವಾಟು, 2.5 ಕೋಟಿವರೆಗೆ ಯಂತ್ರೋಪಕರಣ ಇದ್ದರೂ ನೀವು ಅತಿಸಣ್ಣ ಉದ್ಯಮವೇ.

ಒಂದು ವಿಷಯ ಗಮನಿಸಿ. ಉದ್ಯಮ್‌ನಲ್ಲಿ ನಿಮ್ಮ ಚಟುವಟಿಕೆ "ತಯಾರಿಕೆ" ಅಂತ ಇರಬೇಕು. "ವ್ಯಾಪಾರ" ಅಂತ ಇದ್ದರೆ ಟೆಂಡರಿನಲ್ಲಿ ಇಎಂಡಿ, ಅಂದರೆ ಬಿಡ್ ಜೊತೆ ಇಡಬೇಕಾದ ಠೇವಣಿಯ, ವಿನಾಯಿತಿ ಸಿಗುವುದಿಲ್ಲ. ಈ ವಿನಾಯಿತಿ ಸಣ್ಣದಲ್ಲ. ಇಎಂಡಿ ಸಾಮಾನ್ಯವಾಗಿ ಅಂದಾಜು ಮೊತ್ತದ 2ರಿಂದ 5 ಪರ್ಸೆಂಟ್. ಆರು ತಿಂಗಳು ಅಷ್ಟು ದುಡ್ಡು ಸುಮ್ನೆ ಕೂತರೆ ಸ್ಟೀಲ್ ಕೊಳ್ಳುವುದಕ್ಕೆ ಕೈಯಲ್ಲಿ ಏನೂ ಇರಲ್ಲ.

ಪ್ಯಾನ್, ಜಿಎಸ್‌ಟಿ, ಉದ್ಯಮ್, ಬ್ಯಾಂಕ್ ಖಾತೆ, ಐಎಸ್ಒ ಸರ್ಟಿಫಿಕೇಟ್, ಈ ಐದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮದರಲ್ಲಿ ಒಂದು ಕಡೆ "ಎಂಜಿನಿಯರ್ಸ್" ಅಂತಲೂ ಇನ್ನೊಂದು ಕಡೆ "ಎಂಜಿನಿಯರಿಂಗ್" ಅಂತಲೂ ಇತ್ತು. ಮೊದಲು ಪರಿಶೀಲನೆ ಮನುಷ್ಯರು ಮಾಡುತ್ತಿದ್ದರು, ನೋಡಿ ನಕ್ಕು ಬಿಡುತ್ತಿದ್ದರು. ಈಗ ಮೆಷಿನ್ ಹೋಲಿಸುತ್ತದೆ. ಹೆಸರು ಹೊಂದದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ. ಅದನ್ನು ಸರಿ ಮಾಡಿಸಲು ನನಗೆ ಎರಡು ತಿಂಗಳು ಬೇಕಾಯಿತು.

ಆಮೇಲೆ ಡಿಜಿಟಲ್ ಸಹಿ. ಅಪ್ಪನ ಹಿತ್ತಾಳೆ ಮುದ್ರೆಯ ಜಾಗಕ್ಕೆ ಬಂದದ್ದು ಇದೇ, ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ ಟೋಕನ್. ಕ್ಲಾಸ್ 3 ಬೇಕು. 2021ರ ಜನವರಿಯಿಂದ ಕ್ಲಾಸ್ 2 ಕೊಡುವುದನ್ನು ನಿಲ್ಲಿಸಿದ್ದಾರೆ. ಸಹಿ ಮತ್ತು ಎನ್‌ಕ್ರಿಪ್ಶನ್ (ಫೈಲನ್ನು ಬೇರೆಯವರು ಓದದಂತೆ ಗುಪ್ತ ಸಂಕೇತಕ್ಕೆ ಬದಲಿಸುವುದು) ಎರಡೂ ಇರುವ ಜೋಡಿಯನ್ನೇ ತಗೊಳ್ಳಿ. ಕೆಲವು ಪೋರ್ಟಲ್‌ಗಳಿಗೆ ಸಹಿ ಮಾತ್ರ ಸಾಕು, ಕೆಲವು ಎರಡನ್ನೂ ಕೇಳುತ್ತವೆ. ತಪ್ಪು ಪಿನ್ ಹಲವು ಸಲ ಹೊಡೆದರೆ ಟೋಕನ್ ಲಾಕ್ ಆಗುತ್ತದೆ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ. ಟೋಕನನ್ನೂ ಪಿನ್ನನ್ನೂ ಬೇರೆ ಏಜೆಂಟ್ ಕೈಗೆ ಕೊಡಲೇಬೇಡಿ. ನಿಮ್ಮ ಟೋಕನ್ ಒತ್ತಿದರೆ ಕಾನೂನಿನ ಕಣ್ಣಿಗೆ ನೀವೇ ಸಹಿ ಹಾಕಿದ ಹಾಗೆ.

ಹಂತ 3: ಹದಿಮೂರು ಅಂಕಿಯ ಭಾಷೆ ಕಲಿಯಿರಿ

ಡಿಜಿಟಲ್ ಖರೀದಿ ಅಂದರೆ ಬರೀ ಆನ್‌ಲೈನ್ ಟೆಂಡರ್ ಅಂದುಕೊಂಡರೆ ಅರ್ಧ ಮಾತ್ರ ಗೊತ್ತಾದ ಹಾಗೆ. ಟೆಂಡರ್ ಬರುವ ಮೊದಲೇ ಕೆಲಸ ಶುರುವಾಗಿರುತ್ತದೆ, ಅದೂ ಸ್ಟೋರ್‌ನ ಕಂಪ್ಯೂಟರಿನಲ್ಲಿ.

ಸೇನೆಗೆ ಸಾಮಗ್ರಿ ಪೂರೈಸುವ ಆರ್ಡ್‌ನನ್ಸ್ ಕೋರ್‌ನಲ್ಲಿ ಸಿಐಸಿಪಿ, ವಾಯುಪಡೆಯಲ್ಲಿ ಇಮ್ಮೋಲ್ಸ್, ನೌಕಾಪಡೆಯಲ್ಲಿ ಐಎಲ್‌ಎಂಎಸ್ ಎಂಬ ದಾಸ್ತಾನು ವ್ಯವಸ್ಥೆಗಳು ಇವೆ. ಎಲ್ಲೋ ಗಡಿಯಲ್ಲಿ ಒಂದು ಗಾಡಿಯ ಬೇರಿಂಗ್ ಸವೆದು ಬದಲಾಯಿಸಿದರೆ ಅದು ಲೆಕ್ಕಕ್ಕೆ ಬರುತ್ತದೆ. ದಾಸ್ತಾನು ಒಂದು ಮಟ್ಟಕ್ಕಿಂತ ಕೆಳಗೆ ಇಳಿದಾಗ ಬೇಡಿಕೆ ಹುಟ್ಟುತ್ತದೆ. ಮುಂದೆ ನೀವು ನೋಡುವ ಟೆಂಡರಿನ ಬೇರು ಅಲ್ಲಿದೆ.

ಆ ಬೇಡಿಕೆ ವಸ್ತುವಿನ ಹೆಸರಿನಲ್ಲಿ ಓಡಾಡುವುದಿಲ್ಲ, ನಂಬರಿನಲ್ಲಿ ಓಡಾಡುತ್ತದೆ. ಅದಕ್ಕೆ ಎನ್‌ಎಸ್‌ಎನ್ ಅನ್ನುತ್ತಾರೆ, ನ್ಯಾಟೋ ಸ್ಟಾಕ್ ನಂಬರ್. ನಾವು ನ್ಯಾಟೋದಲ್ಲಿ ಇಲ್ಲವಲ್ಲ ಅಂತ ನಾನೂ ಕೇಳಿದ್ದೆ. ನಿಜ, ಇಲ್ಲ. ಆದರೆ ಅವರ ಸಂಕೇತ ವ್ಯವಸ್ಥೆಯಲ್ಲಿ ಭಾರತ ಸೇರಿದೆ. ಇಲ್ಲಿ ಅದನ್ನು ನೋಡಿಕೊಳ್ಳುವುದು ರಕ್ಷಣಾ ಸಚಿವಾಲಯದ ಮಾನಕೀಕರಣ ನಿರ್ದೇಶನಾಲಯ.

ನಂಬರನ್ನು ಹೀಗೆ ಒಡೆದು ಓದಿ. ಮೊದಲ ನಾಲ್ಕು ಅಂಕಿ ವಸ್ತುವಿನ ಜಾತಿ. 1005 ಅಂದರೆ 30 ಮಿಲಿಮೀಟರ್‌ವರೆಗಿನ ಬಂದೂಕು ಮತ್ತು ಅದರ ಭಾಗ. 3110 ಅಂದರೆ ಬೇರಿಂಗ್. 5305 ಸ್ಕ್ರೂ, 5306 ಬೋಲ್ಟ್, 5310 ನಟ್ ಮತ್ತು ವಾಷರ್, 5331 ಓ-ರಿಂಗ್. ನಂತರದ ಎರಡು ಅಂಕಿ ಸಂಕೇತ ಕೊಟ್ಟ ದೇಶ. ಭಾರತದ್ದು 72. ಉಳಿದ ಏಳು ಅಂಕಿ ಆ ಒಂದು ವಸ್ತುವಿಗೆ ಮಾತ್ರ ಸೇರಿದ್ದು.

ಇದರಿಂದ ನಮಗೇನು ಲಾಭ? ಒಂದೇ ಬೋಲ್ಟನ್ನು ಒಂದು ಕಡೆ ಒಂದು ಹೆಸರಿನಲ್ಲಿ, ಇನ್ನೊಂದು ಕಡೆ ಇನ್ನೊಂದು ಹೆಸರಿನಲ್ಲಿ ಕೊಳ್ಳುತ್ತಿದ್ದರೆ ಬೇಡಿಕೆ ಚೂರುಚೂರಾಗಿ ಕಾಣುತ್ತದೆ. ನಂಬರ್ ಒಂದಾದರೆ ನಿಜವಾದ ಬೇಡಿಕೆ ಕಾಣುತ್ತದೆ. ಕೊಳ್ಳುವವರಿಗೂ ಅಷ್ಟೇ, ಮಾಡುವವರಿಗೂ ಅಷ್ಟೇ. ನಮ್ಮ ಶಾಪಿನಲ್ಲಿ ಟರ್ನಿಂಗ್ ಕೆಲಸ ಜಾಸ್ತಿ. ಹಾಗಾಗಿ ನಾನು ಗೋಡೆಯ ಮೇಲೆ ಆರೇಳು ಜಾತಿ ಸಂಕೇತಗಳನ್ನು ಬರೆದು ಅಂಟಿಸಿದ್ದೇನೆ. ಹುಡುಕುವಾಗ ಅವನ್ನೇ ಹಾಕುತ್ತೇನೆ. "ಸ್ಪೇರ್ ಪಾರ್ಟ್ಸ್" ಅಂತ ಹುಡುಕಿದರೆ ಟಯರಿನಿಂದ ಟೂತ್‌ಬ್ರಷ್‌ವರೆಗೆ ಬಂದು ಬೀಳುತ್ತವೆ.

ಹಂತ 4: ಎಲ್ಲಿ ಹುಡುಕಬೇಕು

*ಸೃಜನ್.* 2020ರ ಆಗಸ್ಟ್‌ನಲ್ಲಿ ಶುರುವಾದ ಪೋರ್ಟಲ್. ಹೊರದೇಶದಿಂದ ತರಿಸುತ್ತಿರುವ ಬಿಡಿಭಾಗಗಳನ್ನು ಇಲ್ಲಿ ಹಾಕುತ್ತಾರೆ. "ಇದನ್ನು ಇಲ್ಲೇ ಮಾಡಬಲ್ಲವರು ಯಾರಾದರೂ ಇದ್ದೀರಾ?" ಅಂತ ಕೇಳುವ ಫಲಕ ಅದು. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ವಸ್ತುವಿನ ವಿವರ ನೋಡಿ, ಆಸಕ್ತಿ ಇದೆ ಅಂತ ತಿಳಿಸಿದರೆ ಸಂಬಂಧಪಟ್ಟ ಕಂಪನಿ ಮಾತಿಗೆ ಬರುತ್ತದೆ. ಸರ್ಕಾರಿ ರಕ್ಷಣಾ ಕಂಪನಿಗಳಿಗಾಗಿ 2024ರ ಜುಲೈವರೆಗೆ 5 ದೇಶೀಕರಣ ಪಟ್ಟಿಗಳು ಬಂದಿದ್ದವು, ಒಟ್ಟು 5,012 ವಸ್ತುಗಳು. 2024ರ ಜುಲೈನ ಐದನೇ ಪಟ್ಟಿಯಲ್ಲೇ 346 ಇವೆ. ಪಟ್ಟಿಯಲ್ಲಿರುವ ವಸ್ತುವಿಗೆ ಒಂದು ಗಡುವು ಇರುತ್ತದೆ, ಆ ದಿನದ ಮೇಲೆ ಅದನ್ನು ದೇಶದೊಳಗೇ ಕೊಳ್ಳಬೇಕು. ಗಡುವು ಹತ್ತಿರ ಇರುವ ವಸ್ತುಗಳನ್ನು ಮೊದಲು ನೋಡಿ. ಅಲ್ಲಿ ಕೊಳ್ಳುವವರಿಗೂ ಅವಸರ ಇರುತ್ತದೆ.

*ಡೆಫ್‌ಪ್ರಾಕ್.* ರಕ್ಷಣಾ ಸಚಿವಾಲಯದ ಸ್ವಂತ ಇ-ಟೆಂಡರ್ ಪೋರ್ಟಲ್. ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್ಐಸಿ ಕಟ್ಟಿದ ವ್ಯವಸ್ಥೆ. ವರ್ಕ್‌ಶಾಪ್, ಡಿಪೋಗಳ ಟೆಂಡರ್ ಇಲ್ಲಿ ಬರುತ್ತವೆ.

*ಜೆಮ್.* ಸರ್ಕಾರದ ಆನ್‌ಲೈನ್ ಮಾರುಕಟ್ಟೆ, 2016ರ ಆಗಸ್ಟ್‌ನಲ್ಲಿ ಬಂದದ್ದು. ಇಲ್ಲಿ ಸಿಗುವ ವಸ್ತುವನ್ನು ಸರ್ಕಾರಿ ಇಲಾಖೆಗಳು ಇಲ್ಲೇ ಕೊಳ್ಳಬೇಕೆಂಬುದು 2017ರ ಹಣಕಾಸು ನಿಯಮ. ರಕ್ಷಣಾ ಸಚಿವಾಲಯ ಇದರ ಮೂಲಕ ಮಾಡಿದ ಒಟ್ಟು ಖರೀದಿ 2024ರ ಮಾರ್ಚ್ ಹೊತ್ತಿಗೆ 1 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಇಲ್ಲಿ ರಿವರ್ಸ್ ಆಕ್ಷನ್ ಬರಬಹುದು, ಅಂದರೆ ದರ ಇಳಿಸುವ ಹರಾಜು. ಕೂರುವ ಮೊದಲೇ ನಿಮ್ಮ ತಳದ ದರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪರದೆಯಲ್ಲಿ ಗಡಿಯಾರ ಓಡುವಾಗ ಕೈ ತಡೆಯುವುದು ಕಷ್ಟ. ಪಕ್ಕದ ಶಾಪಿನವರೊಬ್ಬರು ಹಾಗೇ ಇಳಿಯುತ್ತಾ ಹೋಗಿ ಮೆಟೀರಿಯಲ್ ಬೆಲೆಗೇ ಆರ್ಡರ್ ಹಿಡಿದು, ಕೈಯಿಂದ ದುಡ್ಡು ಹಾಕಿ ಮುಗಿಸಿಕೊಟ್ಟರು.

ಎಚ್‌ಎಎಲ್, ಬಿಇಎಲ್‌ಗಳಿಗೆ ತಮ್ಮದೇ ವೆಂಡರ್ ನೋಂದಣಿ ಇದೆ. ಅದು ಸುಮ್ನೆ ಫಾರಂ ತುಂಬುವ ಕೆಲಸವಲ್ಲ. ಶಾಪಿಗೆ ಬಂದು ಮೆಷಿನ್ ನೋಡುತ್ತಾರೆ, ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ (ಅವು ಸರಿಯಾಗಿ ಅಳೆಯುತ್ತವೆಯೇ ಅನ್ನುವ ಪರೀಕ್ಷೆ) ಕೇಳುತ್ತಾರೆ. ವಿಮಾನದ ಕೆಲಸಕ್ಕೆ ಎಎಸ್ 9100 ಎಂಬ ಗುಣಮಟ್ಟದ ಸರ್ಟಿಫಿಕೇಟ್ ಬೇಕಾಗಬಹುದು. ಇದನ್ನು ಆರ್ಡರ್ ಇಲ್ಲದ ತಿಂಗಳಲ್ಲೇ ಮುಗಿಸಿಟ್ಟುಕೊಳ್ಳಿ.

ನಿಮ್ಮದು ಜಾಬ್ ವರ್ಕ್ ಅಲ್ಲ, ಸ್ವಂತ ವಿನ್ಯಾಸ ಅಂತಾದರೆ ರಕ್ಷಣಾ ಸಚಿವಾಲಯದ ಹೊಸ ಆವಿಷ್ಕಾರಗಳ ಯೋಜನೆ ಐಡೆಕ್ಸ್ ನೋಡಿ. 2018ರಲ್ಲಿ ಶುರುವಾಗಿದೆ. ಸೇನೆಯೇ ತನ್ನ ಸಮಸ್ಯೆ ಹೇಳುತ್ತದೆ, ಪರಿಹಾರ ಕೊಡುವವರಿಗೆ 1.5 ಕೋಟಿವರೆಗೆ, ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ, ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ ನೆರವು ಇದೆ.

ಹಂತ 5: ಟೆಂಡರನ್ನು ಹಿಂದಿನಿಂದ ಓದಿ

ಎಲ್ಲರೂ ಮೊದಲ ಪುಟದಲ್ಲಿ ಪ್ರಮಾಣ ನೋಡಿ ಖುಷಿಪಡುತ್ತಾರೆ. ನಾನು ಕೊನೆಯ ಅನುಬಂಧದಿಂದ ಶುರು ಮಾಡುತ್ತೇನೆ. ಡ್ರಾಯಿಂಗ್, ಮೆಟೀರಿಯಲ್ ಗ್ರೇಡ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ತಪಾಸಣೆ ಯಾರು ಮಾಡುತ್ತಾರೆ ಅನ್ನುವುದು ಅಲ್ಲಿರುತ್ತದೆ. ಒಂದು ಸಲ ಸರಳವಾದ ಪಿನ್ ಅಂತ ನೋಡಿದೆ. 48 ಮಿಲಿಮೀಟರ್ ಉದ್ದ, ನೋಡಲು ಏನೂ ಇಲ್ಲ. ಆದರೆ ವ್ಯಾಸಕ್ಕೆ 8 ಮೈಕ್ರಾನ್ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಮೇಲೆ ಹಾರ್ಡ್ ಕ್ರೋಮ್. ಪ್ಲೇಟಿಂಗ್ ಆದಮೇಲೆ ಗ್ರೈಂಡಿಂಗ್, ಆಮೇಲೆ ಬಿರುಕು ಪರೀಕ್ಷೆ. ಟರ್ನಿಂಗ್ ಖರ್ಚಿನ ಮೂರು ಪಟ್ಟು ಉಳಿದ ಕೆಲಸಕ್ಕೇ ಹೋಗುತ್ತದೆ. ಇದನ್ನು ನೋಡದೆ ದರ ಹಾಕಿದ್ದರೆ ಮುಗೀತು ಕಥೆ.

ಆಮೇಲೆ ಅರ್ಹತೆಯ ಷರತ್ತು. ದೇಶೀಯ ಅಂಶ 50 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ ನೀವು ಮೊದಲ ದರ್ಜೆ ಸ್ಥಳೀಯ ಸರಬರಾಜುದಾರರು, 20ಕ್ಕಿಂತ ಮೇಲಿದ್ದರೆ ಎರಡನೇ ದರ್ಜೆ. ಲೆಕ್ಕ ನಿಜವಾಗಿರಲಿ. ಬೇರಿಂಗ್ ಎಲ್ಲಿಂದ ಬಂತು, ಚಿಪ್ ಎಲ್ಲಿಯದು ಅಂತ ಬಿಲ್ ಸಮೇತ ಇಟ್ಟುಕೊಳ್ಳಿ. ಭೂಗಡಿ ಹಂಚಿಕೊಂಡ ದೇಶಗಳ ಕಂಪನಿಗಳ ಬಗ್ಗೆ 2020ರ ಜುಲೈ 23ರ ಆದೇಶ ಇದೆ, ಅದಕ್ಕೊಂದು ಪ್ರಮಾಣಪತ್ರ ಕೊಡಬೇಕು. ಚೀನಾದ ಬಿಡಿಭಾಗಗಳ ಕಾರಣಕ್ಕೆ 2025ರಲ್ಲಿ ಸೇನೆಯ 400 ಡ್ರೋನ್‌ಗಳ ಒಪ್ಪಂದಗಳು ರದ್ದಾದವು. ಈ ಷರತ್ತನ್ನು ಈಗ ಯಾರೂ ಹಗುರವಾಗಿ ನೋಡುವುದಿಲ್ಲ.

ತಡವಾದರೆ ದಂಡ ಎಷ್ಟು ನೋಡಿ. ರೂಢಿಯಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್, ಗರಿಷ್ಠ 10. ದೇಶೀಕರಣದ ಕೆಲಸಕ್ಕೆ ಹೊಸ ಕೈಪಿಡಿಯಲ್ಲಿ ಇದನ್ನು ಸಡಿಲಿಸಿದ್ದಾರೆ. ಆದರೂ ನಿಮ್ಮ ಟೆಂಡರಿನಲ್ಲಿ ಬರೆದದ್ದೇ ಕೊನೆಯ ಮಾತು.

ಅನುಮಾನ ಇದ್ದರೆ ಪ್ರಿ-ಬಿಡ್ ಸಭೆಯಲ್ಲಿ ಕೇಳಿ, ಬರಹದಲ್ಲಿ ಕೇಳಿ. ಉತ್ತರ ಎಲ್ಲರಿಗೂ ಕಾಣುವ ಹಾಗೆ ಪೋರ್ಟಲ್‌ಗೆ ಬರುತ್ತದೆ. ಕೊರಿಜೆಂಡಂ, ಅಂದರೆ ಟೆಂಡರಿಗೆ ತಿದ್ದುಪಡಿ, ಬಂದಿದೆಯಾ ಅಂತ ಕೊನೆ ದಿನದವರೆಗೂ ನೋಡುತ್ತಿರಿ. ಡ್ರಾಯಿಂಗಿನ ಪರಿಷ್ಕರಣೆ ಬದಲಾಗಿರಬಹುದು, ಹಳೆಯದಕ್ಕೆ ದರ ಹಾಕಿ ಕೂತಿರುತ್ತೀರಿ.

ಹಂತ 6: ಬಿಡ್ ಸಲ್ಲಿಸುವುದು

ಸಾಮಾನ್ಯವಾಗಿ ಎರಡು ಕವರ್. ಮೊದಲನೆಯದು ತಾಂತ್ರಿಕ, ಎರಡನೆಯದು ದರ. ಡೆಫ್‌ಪ್ರಾಕ್‌ನಲ್ಲಿ ಪ್ಯಾನ್, ಜಿಎಸ್‌ಟಿಯಂಥ ಕಾಗದಗಳನ್ನು "ಮೈ ಡಾಕ್ಯುಮೆಂಟ್ಸ್" ಜಾಗದಲ್ಲಿ ಒಮ್ಮೆ ಹಾಕಿಟ್ಟರೆ ಪ್ರತಿ ಸಲ ಹಾಕುವ ಕಷ್ಟ ತಪ್ಪುತ್ತದೆ. ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪು, 100 ಡಿಪಿಐ ಸಾಕು. ಬಣ್ಣದ ದೊಡ್ಡ ಫೈಲ್ ಹಾಕಿದರೆ ಕೊನೆ ಗಳಿಗೆಯಲ್ಲಿ ಅಪ್‌ಲೋಡ್ ತೆವಳುತ್ತದೆ.

ದರಕ್ಕೆ ಬಿಒಕ್ಯು ಅಂತ ವಸ್ತು, ಪ್ರಮಾಣಗಳ ಪಟ್ಟಿ ಇರುವ ಒಂದು ಎಕ್ಸೆಲ್ ಫೈಲ್ ಕೊಟ್ಟಿರುತ್ತಾರೆ. ತುಂಬಲು ಬಿಟ್ಟ ಜಾಗದಲ್ಲಿ ಮಾತ್ರ ತುಂಬಿ. ಫೈಲಿನ ಹೆಸರು ಬದಲಾಯಿಸಬೇಡಿ. ಸಾಲು ಸೇರಿಸಬೇಡಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನನ್ನ ಮೊದಲನೇ ದೊಡ್ಡ ಟೆಂಡರ್ ಮಧ್ಯಾಹ್ನ 3 ಗಂಟೆಗೆ ಮುಗಿಯುತ್ತಿತ್ತು. 2:40ಕ್ಕೆ ಬಿಒಕ್ಯು ಹಾಕಲು ಹೋದರೆ ಪೋರ್ಟಲ್ ಬೇಡ ಅಂದಿತು. ನಮ್ಮ ಹುಡುಗ ಗುರುತಿಗೆ ಇರಲಿ ಅಂತ ಫೈಲ್ ಹೆಸರಿನ ಮುಂದೆ ಶಾಪಿನ ಹೆಸರು ಸೇರಿಸಿದ್ದ. ಮತ್ತೆ ಮೂಲ ಫೈಲ್ ಇಳಿಸಿಕೊಂಡು 34 ಸಾಲು ತುಂಬಿದೆ. ಕೈ ಬೆವರುತ್ತಿತ್ತು. 2:57ಕ್ಕೆ ಸಹಿ ಹಾಕಲು ಹೋದಾಗ ಟೋಕನ್ ಗುರುತು ಸಿಗಲಿಲ್ಲ. ತೆಗೆದು ಇನ್ನೊಂದು ಪೋರ್ಟಿಗೆ ಹಾಕಿದೆ. ಪಿನ್ ಕೇಳಿತು, ಹಾಕಿದೆ. ಅಷ್ಟರಲ್ಲಿ ಪರದೆಯ ಮೇಲಿನ ಸರ್ವರ್ ಗಡಿಯಾರ 3:00 ದಾಟಿತ್ತು. ನನ್ನ ಕೈಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಇತ್ತು. ಅಲ್ಲಿ ಲೆಕ್ಕಕ್ಕೆ ಬರುವುದು ಸರ್ವರ್ ಸಮಯ ಮಾತ್ರ. ಆಮೇಲೆ ಗೆದ್ದವರ ದರ ನೋಡಿದೆ. ನಮ್ಮದು ಒಂದಕ್ಕೆ 11 ರೂಪಾಯಿ ಕಡಿಮೆ ಇತ್ತು.

ಆದ್ದರಿಂದ ಹಿಂದಿನ ದಿನವೇ ಸಲ್ಲಿಸಿ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಿ ಮತ್ತೆ ಸಲ್ಲಿಸಬಹುದು, ಕೊನೆಯದ್ದೇ ಲೆಕ್ಕ. ಎಲ್ಲ ಹಾಕಿದ ಮೇಲೆ "ಫ್ರೀಜ್ ಬಿಡ್" ಒತ್ತಲೇಬೇಕು. ಒತ್ತದಿದ್ದರೆ ಸಲ್ಲಿಸಿದ ಹಾಗೆ ಅಲ್ಲ. ರಸೀದಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಅಂತ ಮೊಬೈಲ್ ಹಾಟ್‌ಸ್ಪಾಟ್ ಮತ್ತು ಯುಪಿಎಸ್ ಸಿದ್ಧ ಇರಲಿ. ಪೀಣ್ಯದಲ್ಲಿ ಇದ್ದವರಿಗೆ ಈ ಮಾತು ವಿವರಿಸಬೇಕಿಲ್ಲ, ಅಲ್ವಾ?

ಹಂತ 7: ಬಿಡ್ ತೆರೆದ ಮೇಲೆ

ದರದ ಫೈಲ್ ಅಪ್‌ಲೋಡ್ ಆಗುವಾಗಲೇ ಎನ್‌ಕ್ರಿಪ್ಟ್ ಆಗಿರುತ್ತದೆ. ಅದನ್ನು ತೆರೆಯಲು ಕನಿಷ್ಠ ಇಬ್ಬರು ಅಧಿಕಾರಿಗಳು ತಮ್ಮ ತಮ್ಮ ಟೋಕನ್ ಹಾಕಬೇಕು, ಅದೂ ಗೊತ್ತು ಮಾಡಿದ ಸಮಯ ಬಂದ ಮೇಲೆ. ಒಬ್ಬರೇ ಸಂಜೆ ಕೂತು ಲಕೋಟೆಗೆ ಆವಿ ಹಿಡಿದು ನೋಡುವ ದಾರಿ ಇಲ್ಲಿ ಇಲ್ಲ. ನನ್ನ ಮಟ್ಟಿಗೆ ಇಡೀ ಡಿಜಿಟಲ್ ವ್ಯವಸ್ಥೆಯಲ್ಲಿ ಅತ್ಯಂತ ದೊಡ್ಡ ಬದಲಾವಣೆ ಇದೇ. ತಾಂತ್ರಿಕ ಪರಿಶೀಲನೆಯಲ್ಲಿ ಯಾರು ಪಾಸಾದರು, ಯಾರ ದರ ಎಷ್ಟು ಅನ್ನುವ ಪಟ್ಟಿ ಬಿಡ್ ಹಾಕಿದ ಎಲ್ಲರಿಗೂ ಕಾಣುತ್ತದೆ. ತಿರಸ್ಕಾರವಾದರೆ ಕಾರಣ ಕೇಳಿ ಬರೆಯಿರಿ. ಹೆದರಬೇಡಿ.

1986ರ ಬೋಫೋರ್ಸ್ ಒಪ್ಪಂದ ನೆನಪಿದೆಯಾ? 410 ಫಿರಂಗಿಗಳು, ಸುಮಾರು 1,437 ಕೋಟಿ ರೂಪಾಯಿ. ಮರುವರ್ಷ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಹೊರಹಾಕಿತು. ಆ ಮಟ್ಟದ ಮಾತುಕತೆ ಇಂದಿಗೂ ಪೋರ್ಟಲ್ ಒಳಗೆ ಮಾತ್ರ ನಡೆಯುವುದಿಲ್ಲ, ಅದು ಗೊತ್ತಿರಲಿ. ಆದರೆ ನಮ್ಮ ಮಟ್ಟದ ಖರೀದಿಯಲ್ಲಿ ಯಾರು ಯಾವ ಫೈಲನ್ನು ಯಾವ ನಿಮಿಷದಲ್ಲಿ ಮುಟ್ಟಿದರು ಅನ್ನುವ ಗುರುತು ಉಳಿಯುತ್ತದೆ. "ಒಳಗೆ ಪರಿಚಯ ಇದೆ, ಟೆಂಡರ್ ಮಾಡಿಸಿಕೊಡ್ತೀನಿ" ಅಂತ ಫೋನ್ ಬಂದರೆ ಇಟ್ಟುಬಿಡಿ.

ಇನ್ನೊಂದು. ನೀವು ಸಣ್ಣ ಅಥವಾ ಅತಿಸಣ್ಣ ತಯಾರಕರಾಗಿದ್ದು, ನಿಮ್ಮ ದರ ಎಲ್1ಗಿಂತ (ಅತಿ ಕಡಿಮೆ ದರ ಹಾಕಿದವರಿಗಿಂತ) 15 ಪರ್ಸೆಂಟ್ ಒಳಗೆ ಜಾಸ್ತಿ ಇದ್ದರೆ, ಎಲ್1 ಸಣ್ಣ ಉದ್ಯಮ ಅಲ್ಲದಿದ್ದರೆ, ಆ ದರಕ್ಕೆ ಇಳಿದು ಒಂದು ಪಾಲು ಕೇಳುವ ಹಕ್ಕು ನಿಮಗಿದೆ. ಸಣ್ಣವರಿಂದ 25 ಪರ್ಸೆಂಟ್ ಕೊಳ್ಳಬೇಕೆಂಬ ನೀತಿ ಇದೆ. ಅದರಲ್ಲಿ 4 ಪರ್ಸೆಂಟ್ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ, 3 ಪರ್ಸೆಂಟ್ ಮಹಿಳೆಯರ ಉದ್ಯಮಗಳಿಗೆ.

ಹಂತ 8: ತಯಾರಿಕೆ ಮತ್ತು ತಪಾಸಣೆ

ಇಲ್ಲಿ ಡಿಜಿಟಲ್ ಅನ್ನುವುದು ನಿಮ್ಮ ಶಾಪಿನೊಳಗೇ ಇರಬೇಕು. ಸ್ಟೀಲ್ ರಾಡ್ ಬಂದ ದಿನ ಅದರ ಹೀಟ್ ನಂಬರ್ (ಅದು ಕರಗಿಸಿದ ಯಾವ ಕಂತಿನದು ಅನ್ನುವ ಗುರುತು), ಟೆಸ್ಟ್ ಸರ್ಟಿಫಿಕೇಟ್ ಒಟ್ಟಿಗೆ ಒಂದು ಶೀಟಿನಲ್ಲಿ ಬರೆಯಿರಿ. ರಾಡ್ ತುಂಡು ಮಾಡುವಾಗ ಪ್ರತಿ ತುಂಡಿಗೂ ಆ ನಂಬರ್ ಹೋಗಬೇಕು. ನಮ್ಮಲ್ಲಿ ಟ್ರೇಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸುತ್ತೇವೆ. ಆಪರೇಟರ್ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೀಟ್ ನಂಬರ್, ಡ್ರಾಯಿಂಗ್ ಪರಿಷ್ಕರಣೆ, ಯಾವ ಆಪರೇಶನ್ ಬಾಕಿ ಅನ್ನುವುದು ಬರುತ್ತದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಶಾಪಿನೊಳಗಿನ ಒಂದು ಕಂಪ್ಯೂಟರಿನಲ್ಲಿ ಶೀಟ್ ಇಟ್ಟರೂ ನಡೆಯುತ್ತದೆ.

ಮೊದಲ ತುಂಡಿನ ಪೂರ್ತಿ ಅಳತೆ ವರದಿ ಮಾಡಿ. ಗೇಜ್‌ಗಳನ್ನು ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿಸಿ. ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಹಾರುವ ವಸ್ತುವಿನ ಭಾಗವಾದರೆ ಸೇನಾ ವಿಮಾನಗಳ ಹಾರಾಟ ಯೋಗ್ಯತೆ ನೋಡುವ, ಬೆಂಗಳೂರಿನಲ್ಲೇ ಇರುವ ಸೆಮಿಲಾಕ್‌ನ ಒಪ್ಪಿಗೆಯ ಸರಪಳಿ ಇರುತ್ತದೆ, ಅದಕ್ಕೆ ತಾಳ್ಮೆ ಬೇಕು. ಹೀಟ್ ನಂಬರ್ ಕಾಗದದಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾಡಿದ ಪಿನ್ನಿಗೂ ಬೆಲೆ ಇಲ್ಲ. ಅದರಲ್ಲಿ ನ್ಯಾಯ ಇದೆ. ಆ ಪಿನ್ ಮುರಿದರೆ ಅದರ ಪಕ್ಕದಲ್ಲಿ ನಿಂತಿರುವವನು ಯಾರದೋ ಮನೆಯ ಮಗ.

ಹಂತ 9: ಡ್ರಾಯಿಂಗ್ ಕಾಯುವುದು

ವಾಟ್ಸ್ಆ್ಯಪ್‌ನಲ್ಲಿ ಡ್ರಾಯಿಂಗ್ ಕಳಿಸುವ ಅಭ್ಯಾಸ ಇವತ್ತೇ ಬಿಡಿ. ಪ್ಲೇಟಿಂಗ್‌ನವರಿಗೆ, ಹೀಟ್ ಟ್ರೀಟ್‌ಮೆಂಟ್‌ನವರಿಗೆ ಇಡೀ ಡ್ರಾಯಿಂಗ್ ಬೇಕಿಲ್ಲ, ಅವರ ಕೆಲಸಕ್ಕೆ ಬೇಕಾದಷ್ಟು ವಿವರ ಬೇರೆ ಹಾಳೆಯಲ್ಲಿ ಕೊಡಿ. ರಕ್ಷಣಾ ಡ್ರಾಯಿಂಗ್ ಇರುವ ಕಂಪ್ಯೂಟರಿಗೆ ಇಂಟರ್ನೆಟ್ ಬೇಡ. ಸಿಎನ್‌ಸಿಗೆ ಪ್ರೋಗ್ರಾಮ್ ಒಯ್ಯುವ ಪೆನ್‌ಡ್ರೈವ್ ಒಂದೇ ಇರಲಿ, ಅದನ್ನು ಹುಡುಗರು ಸಿನಿಮಾ ಹಾಕಿಕೊಳ್ಳಲು ಮನೆಗೆ ಒಯ್ಯಬಾರದು. ಕೆಲಸ ಬಿಟ್ಟವರ ಪಾಸ್‌ವರ್ಡ್ ಅದೇ ದಿನ ರದ್ದು ಮಾಡಿ.

ಕಂಪ್ಯೂಟರಿಗೆ ಯಾರಾದರೂ ನುಗ್ಗಿದ್ದು ಗೊತ್ತಾದರೆ ಮುಚ್ಚಿಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ 6 ಗಂಟೆಯೊಳಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಉಳಿಸಬೇಕು. ಕೊಳ್ಳುವವರಿಗೂ ಹೇಳಿ.

"ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡ ಇಲ್ಲಿಗೆ ಹಾಕಿ" ಅಂತ ಸ್ಟೀಲ್ ಡೀಲರ್ ಹೆಸರಿನಲ್ಲಿ ಮೇಲ್ ಬರುತ್ತದೆ. ಹಳೆಯ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ರೂಪಾಯಿ ಹಾಕಬೇಡಿ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 10: ದುಡ್ಡು ಬರುವುದು

ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿ. ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್ ಕಡ್ಡಾಯ. ಜೆಮ್‌ನಲ್ಲಿ ಮಾಲು ಒಪ್ಪಿದ ಸರ್ಟಿಫಿಕೇಟ್ ಹುಟ್ಟಿದ 10 ದಿನದೊಳಗೆ ಪಾವತಿ ಆಗಬೇಕು ಅನ್ನುವುದು ನಿಯಮ.

ಬೇರೆ ಕಡೆ, ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂದು ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಗಿರಾಕಿಯ ಜೊತೆ ಜಗಳ ಬೇಡ ಅನ್ನುವವರೇ ಜಾಸ್ತಿ. ಅವರಿಗೆ ಟ್ರೆಡ್ಸ್, ಅಂದರೆ ಬಿಲ್ ಮೇಲೆ ಮುಂಚಿತವಾಗಿ ಹಣ ಪಡೆಯುವ ವ್ಯವಸ್ಥೆ, ಒಳ್ಳೆಯದು. ಆರ್‌ಎಕ್ಸ್‌ಐಎಲ್, ಇನ್‌ವಾಯ್ಸ್‌ಮಾರ್ಟ್, ಎಂ1ಎಕ್ಸ್‌ಚೇಂಜ್ ಇಂಥ ವೇದಿಕೆಗಳಲ್ಲಿ ನಿಮ್ಮ ಬಿಲ್ ಹಾಕಿ, ಕೊಂಡವರು ಒಪ್ಪಿದರೆ ಬ್ಯಾಂಕ್‌ಗಳು ಪೈಪೋಟಿಯಲ್ಲಿ ಬಡ್ಡಿ ಹೇಳುತ್ತವೆ. ಕಡಿಮೆ ಬಡ್ಡಿಯವರನ್ನು ಆರಿಸಿದರೆ ಬೇಗನೆ ಖಾತೆಗೆ ದುಡ್ಡು ಬರುತ್ತದೆ. ಕೇಂದ್ರ ಸರ್ಕಾರಿ ಕಂಪನಿಗಳು ಇದರಲ್ಲಿ ನೋಂದಾಯಿಸಲೇಬೇಕು. ನಿಮ್ಮ ಆಸ್ತಿ ಅಡ ಇಡಬೇಕಿಲ್ಲ.

ದುಡ್ಡು ಬಂದ ದಿನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಪರ್ಚೇಸ್ ಆರ್ಡರ್, ತಪಾಸಣೆಯ ನೋಟ್, ಮಾಲು ಸೇರಿದ ರಸೀದಿ, ಪಾವತಿಯ ವಿವರ, ಈ ನಾಲ್ಕನ್ನೂ ಒಂದೇ ಪಿಡಿಎಫ್ ಮಾಡಿ, ಆರ್ಡರ್ ನಂಬರ್ ಮತ್ತು ದಿನಾಂಕದ ಹೆಸರಿನಲ್ಲಿ ಎರಡು ಕಡೆ ಉಳಿಸಿ. ಮುಂದಿನ ಟೆಂಡರಿನ ಮೊದಲ ಕವರಿನಲ್ಲಿ ಹಿಂದಿನ ಸರಬರಾಜಿನ ಪುರಾವೆ ಕೇಳುತ್ತಾರೆ. ನನ್ನ ಮೊದಲನೇ ಆರ್ಡರಿನ ತಪಾಸಣೆ ನೋಟನ್ನು ಹುಡುಕಲು ಶಾಪಿನ ಮೂರು ಬೀರು ಖಾಲಿ ಮಾಡಬೇಕಾಯಿತು. ಕೊನೆಗೆ ಅದು ಸಿಕ್ಕಿದ್ದು ಅಪ್ಪನ ಹಳೆಯ ಟ್ರಂಕಿನಲ್ಲಿ, ಅರಗಿನ ಕಡ್ಡಿಗಳ ಕೆಳಗೆ.